ಅಶೋಕ ಬೀಜದಲ್ಲೇ ಬಂತು: ನಾಲ್ಕು ವರ್ಷದ ನನ್ನ ಅನುಭವ

ಈಗ ನನ್ನ ಶೇಡ್ ನೆಟ್ ಕೆಳಗೆ ಸುಮಾರು 400 ಅಶೋಕದ ಗಿಡಗಳಿವೆ. ಎಲ್ಲವೂ ಬೀಜದಿಂದ ಬಂದವು. ಬೇಲಿ ಸಾಲಿಗೆ ಹಾಕುವ, ಕಂಬದ ಹಾಗೆ ಬೆಳೆಯುವ ಮರ ಅಲ್ಲ. ಕಿತ್ತಳೆ ಕೆಂಪು ಗೊಂಚಲು ಬಿಡುವ ಸೀತೆ ಅಶೋಕ, ಹೊಳೆಬದಿಯ ನೆರಳಿನ ಮರ. ಅಶೋಕಾರಿಷ್ಟಕ್ಕೆ ಬೇಕು ಅಂತ ತೊಗಟೆ ಸುಲಿದು ಸುಲಿದೇ ಕಾಡಲ್ಲಿ ಕಡಿಮೆಯಾಯಿತು. 1998ರಲ್ಲೇ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ) ಇದನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು.

ನಮ್ಮ ತೋಟ ಕೊಡಗಿನ ಸಿದ್ದಾಪುರದ ಕಡೆ, ಕಾವೇರಿ ದಡದಲ್ಲಿ. 2019ರ ಆಗಸ್ಟ್ ಪ್ರವಾಹಕ್ಕೆ ದಡ ಕುಸಿದು ಎರಡು ಸಾಲು ರೋಬಸ್ಟಾ ಕಾಫಿ ಹೊಳೆಪಾಲಾಯಿತು. ಅಲ್ಲಿಗೆ ಹೊಳೆಯ ಮರವನ್ನೇ ಹಾಕುತ್ತೇನೆ ಅಂತ ಹೊರಟೆ. ಪಕ್ಕದ ತೋಟದ ಮಾವ, "ಅದು ಬೀಜದಲ್ಲಿ ಬರೋದಿಲ್ಲ, ಸುಮ್ನೆ ದುಡ್ಡು ಹಾಳು. ಆ ದುಡ್ಡಿಗೆ ಮೆಣಸಿನ ಬಳ್ಳಿ ಹಾಕು" ಅಂದರು. ಗಿಡ ಮಾರುವವರೂ ಅದನ್ನೇ ಹೇಳಿದರು.

ಮೊದಲ ವರ್ಷ ಕಾಫಿ ಬೀಜಕ್ಕೆ ಮಾಡುವುದನ್ನೇ ಮಾಡಿದೆ. ಬೂದಿ ಸವರಿ, ನೆರಳಲ್ಲಿ ಆರಿಸಿ, ಡಿಸೆಂಬರಿನಲ್ಲಿ ಕಾಫಿ ಪಾತಿಯ ಪಕ್ಕದಲ್ಲೇ ಊರಿದೆ. ಇನ್ನೂರರಲ್ಲಿ ಒಂದೂ ಏಳಲಿಲ್ಲ. ಕೆದಕಿ ನೋಡಿದರೆ ಒಳಗೆ ಕಪ್ಪು, ಬೆಂಡು. ಎರಡನೇ ವರ್ಷ ಒಬ್ಬರಿಂದ ಮೂರು ಕಿಲೋ ಬೀಜ ಕೊಂಡೆ, ಎರಡು ಸಾವಿರದ ಮೇಲಾಯಿತು. ಅದು ಎಷ್ಟು ದಿನದ ಬೀಜವೋ, ನಾಲ್ಕೈದು ಮೊಳೆತಿದ್ದೇ ದೊಡ್ಡದು.

ಆಗ ಮರದ ಕೆಳಗೇ ಹೋಗಿ ನೋಡಿದೆ. ಮಳೆ ಶುರುವಾಗುವ ಹೊತ್ತಿಗೆ ಕಾಯಿ ತಿರುಚಿಕೊಂಡು ಒಡೆಯುತ್ತದೆ. ಚಪ್ಪಟೆ ಬೀಜ ಒದ್ದೆ ಎಲೆಯ ಮೇಲೆ ಬೀಳುತ್ತದೆ. ಕೆಲವಕ್ಕೆ ಅಲ್ಲೇ ಬೇರು ಬಂದಿತ್ತು! ಈ ಬೀಜಕ್ಕೆ ನಿದ್ದೆಯೇ ಇಲ್ಲ. ಒಣಗಿತೋ, ಸತ್ತಿತು. ಹಲಸಿನ ಬೀಜದ ಜಾತಿ ಅಂದುಕೊಳ್ಳಿ.

ಮೂರನೇ ವರ್ಷ ಹಸಿ ಬೀಜವನ್ನೇ ಊರಿದೆ. ಅರ್ಧಕ್ಕಿಂತ ಜಾಸ್ತಿ ಮೊಳೆಯಿತು. ಆದರೂ ಸೋತೆ, ಅದೂ ಎರಡು ಸಲ. ಅಶೋಕದ ಎಳೆ ಎಲೆ ತಾಮ್ರದ ಬಣ್ಣಕ್ಕೆ, ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ, ಅದರ ಸ್ವಭಾವವೇ ಹಾಗೆ. ನಾವು ಬಾಡಿತು ಅಂತ ದಿನಕ್ಕೆರಡು ಸಲ ನೀರು ಹಾಕಿ ಅರವತ್ತು ಗಿಡ ಕೊಳೆಸಿದೆವು. ಉಳಿದವನ್ನು ಕಾಫಿಯ 6×9 ಇಂಚಿನ ಬ್ಯಾಗಿಗೆ ಹಾಕಿದ್ದೆ. ತಾಯಿಬೇರು ತಳ ಮುಟ್ಟಿ ಸುತ್ತಿಕೊಂಡಿತ್ತು. ಆಮೇಲೆ ಒಂದು ರಾತ್ರಿ ಆನೆ ಬಂದು ಚಪ್ಪರವನ್ನೇ ಮಲಗಿಸಿತು. ಮೂರು ವರ್ಷದ ಲೆಕ್ಕ ಹಾಕಿದರೆ ಆಳು, ನೆಟ್, ಬ್ಯಾಗು ಎಲ್ಲ ಸೇರಿ ಮೂವತ್ತೈದು ನಲವತ್ತು ಸಾವಿರ ಹೋಗಿತ್ತು. ಮನೆಯಲ್ಲಿ ಮಾತು ಕೇಳಬೇಕಾಯಿತು.

ನಾಲ್ಕನೇ ವರ್ಷ ದಿನಾ ಬೆಳಿಗ್ಗೆ ಮರದ ಕೆಳಗೆ ಹೋಗಿ ಹೊಸದಾಗಿ ಬಿದ್ದದ್ದನ್ನು ಮಾತ್ರ ಆರಿಸಿದೆ. ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಬಕೆಟ್ ನೀರಿಗೆ ಹಾಕಿದೆ. ತೇಲಿದ್ದೆಲ್ಲ ಹುಳ ತಿಂದದ್ದು, ಕಾಲು ಭಾಗ ಅಲ್ಲೇ ಹೋಯಿತು. ಮುಳುಗಿದ್ದನ್ನು ಅದೇ ದಿನ ಹೊಳೆಮರಳಿನ ಪಾತಿಯಲ್ಲಿ ಅಡ್ಡ ಮಲಗಿಸಿ, ಬೆರಳು ದಪ್ಪ ಮರಳು ಮುಚ್ಚಿ, ಮೇಲೆ ತರಗೆಲೆ ಹರಡಿದೆ. ಕಕ್ಕಡದ (ನಮ್ಮ ಕಡೆ ಆಟಿ ತಿಂಗಳಿನ) ಮಳೆ ನೇರ ಬೀಳದ ಹಾಗೆ ಶೀಟ್ ಕಟ್ಟಿದೆ. ಆ ವಾರ ಇಲ್ಲಿ ದಿನಕ್ಕೆ ಮೂರು ಇಂಚು ಸುರಿಯುತ್ತಿತ್ತು. ಇಪ್ಪತ್ತು ದಿನಕ್ಕೆ ಬೇರು, ಇನ್ನೊಂದು ಹತ್ತು ದಿನಕ್ಕೆ ಚಿಗುರು. ನೂರಕ್ಕೆ ಎಪ್ಪತ್ತೈದರ ಮೇಲೆ ಎದ್ದವು. ನಮ್ಮ ಸುತ್ತಮುತ್ತ ಇಷ್ಟು ಎಬ್ಬಿಸಿದವರನ್ನು ನಾನಂತೂ ಕಂಡಿಲ್ಲ.

ಕಾಫಿಯ ಹಾಗೆ ಇದು ಟೋಪಿ ಹೊತ್ತು ಮೇಲೆ ಬರುವುದಿಲ್ಲ. ಬೇಳೆ ಎರಡೂ ಮಣ್ಣಲ್ಲೇ ಉಳಿಯುತ್ತವೆ. ಅದನ್ನು ತಿನ್ನಲು ಇಲಿ ಬಂತು, ಮುಳ್ಳುಹಂದಿಯೂ ಬಂತು. ತಂತಿ ಬಲೆ ಹಾಕಲೇಬೇಕು, ಎರಡು ಸಾವಿರ ಖರ್ಚಾದರೂ ಸರಿ. ಇಲಿ ಚಿಗುರು ಮಾತ್ರ ಕತ್ತರಿಸಿದ ಗಿಡಗಳು ಮತ್ತೆ ಬಂದದ್ದು ನೋಡಿ ಒಂದು ಪರೀಕ್ಷೆ ಮಾಡಿದೆ. ಹತ್ತು ಸಸಿಯ ತುದಿಯನ್ನು ನಾನೇ ಚಿವುಟಿದೆ. ಏಳು ಬುಡದಿಂದ ಚಿಗುರಿದವು, ಎರಡರಲ್ಲಿ ಜೋಡಿ ಚಿಗುರು. ಬೇಳೆ ಕಿತ್ತು ಚಿವುಟಿದ ಐದರಲ್ಲಿ ಒಂದೂ ಉಳಿಯಲಿಲ್ಲ. ಊಟವೆಲ್ಲ ಆ ಬೇಳೆಯಲ್ಲೇ ಇದೆ ಅಲ್ವಾ! ಗೂಟಿ ಕಟ್ಟಿಯೂ, ಅಂದರೆ ಮರದ ಕೊಂಬೆಯಲ್ಲೇ ಬೇರು ಬರಿಸಿಯೂ, ನೋಡಿದೆ. ಹನ್ನೆರಡರಲ್ಲಿ ಮೂರಕ್ಕೆ ಬೇರು ಬಂತು, ಬಿಟ್ಟುಬಿಟ್ಟೆ.

ಸಸಿಯಲ್ಲಿ ನಾಲ್ಕು ಎಲೆ ಗಟ್ಟಿಯಾದ ಮೇಲೆ 8×12 ಬ್ಯಾಗಿಗೆ ಹಾಕುತ್ತೇನೆ. ಮಣ್ಣಿಗೆ ಏನು ಬೆರೆಸುತ್ತೇನೆ, ಬೀಜವನ್ನು ಹತ್ತು ದಿನ ಹೇಗೆ ಜೀವಂತ ಇಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತಾಯಿಮರ ಎಲ್ಲಿದೆ ಅಂತ ಮಾತ್ರ ಯಾರೂ ಕೇಳಬೇಡಿ. ತೊಗಟೆ ಕೆತ್ತುವವರು ಇನ್ನೂ ಇದ್ದಾರೆ.

ಒಂದು ಗಿಡಕ್ಕೆ ನನಗೆ ಇಪ್ಪತ್ತೆರಡು ರೂಪಾಯಿ ಬೀಳುತ್ತದೆ, ಅರವತ್ತಕ್ಕೆ ಕೊಡುತ್ತೇನೆ. ದೇವರಕಾಡಿಗೆ ಅಂದರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೋದ ವರ್ಷ ದಡಕ್ಕೆ 110 ಗಿಡ ಹಾಕಿದೆ. ಹೊಳೆ ಏರಿ ಎರಡು ದಿನ ಪೂರ್ತಿ ಮುಳುಗಿದ್ದವು. ನೀರು ಇಳಿದ ಮೇಲೆ ಎಲೆ ತುಂಬ ಕೆಸರು. ನಾನೂ ಮೇಸ್ತ್ರಿಯೂ ಒಂದೊಂದನ್ನೇ ತೊಳೆದು ನೆಟ್ಟಗೆ ಮಾಡಿದೆವು. ಎಂಬತ್ತರಷ್ಟು ಈಗಲೂ ನಿಂತಿವೆ. ಮಾವ ಬಂದು ನೋಡಿ, ತಮ್ಮ ದಡಕ್ಕೂ ಇಪ್ಪತ್ತು ಗಿಡ ತೆಗೆದಿಡಲು ಹೇಳಿಹೋಗಿದ್ದಾರೆ.