ಸಿಂಹೇಂದ್ರಮಧ್ಯಮಕ್ಕೆ ಎರಡು ಫ್ಲ್ಯಾಟ್, ಎರಡು ಶಾರ್ಪ್

ಅರ್ಧ ಸ್ವರ ಇಳಿಸುವ ಫ್ಲ್ಯಾಟ್, ಅರ್ಧ ಸ್ವರ ಏರಿಸುವ ಶಾರ್ಪ್ ಎರಡನ್ನೂ ಪಾಶ್ಚಾತ್ಯ ಸ್ವರಲಿಪಿಯ ಸಾಲಿನ ತಲೆಯಲ್ಲಿ ಬರೆಯುವ ಒಂದೇ ಕೀ ಸಿಗ್ನೇಚರ್‌ನಲ್ಲಿ ಇಟ್ಟರೆ ಯಾರೂ ಓದುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಕಳೆದ ತಿಂಗಳು 8 ಪಿಟೀಲು, 2 ಚೆಲ್ಲೊ, 1 ಕ್ಲ್ಯಾರಿನೆಟ್ ಕೂತು ಅದನ್ನೇ ಓದಿ, ಎರಡನೇ ಟೇಕ್‌ಗೆ ಮುಗಿಸಿ ಎದ್ದರು.

ಹಿಂದೊಮ್ಮೆ ಇದೇ ಸಿಂಹೇಂದ್ರಮಧ್ಯಮ ರಾಗ ನನ್ನ ಕೈ ಸುಟ್ಟಿತ್ತು. ಗಾಯಕಿಯ ಷಡ್ಜ ಜಿ. ಎಲ್ಲರಂತೆ ಜಿ ಮೈನರ್‌ನ 2 ಫ್ಲ್ಯಾಟ್ ಹಾಕಿ, ಸಿ ಮತ್ತು ಎಫ್ ಬಂದಲ್ಲೆಲ್ಲ ಪಕ್ಕದಲ್ಲಿ ಶಾರ್ಪ್ ಬರೆದೆ. ನಾಲ್ಕು ನಿಮಿಷದ ಕೃತಿಗೆ ಇನ್ನೂರು ಶಾರ್ಪ್ ಇದ್ದಿರಬೇಕು. ಒಬ್ಬರು ಸಿ ಶಾರ್ಪ್ ಬಿಟ್ಟರೆ ಅದು ಕೀರವಾಣಿ ರಾಗ, ಇನ್ನೊಬ್ಬರು ಎಫ್ ಶಾರ್ಪ್ ಬಿಟ್ಟರೆ ಷಣ್ಮುಖಪ್ರಿಯ, ಎರಡನ್ನೂ ಬಿಟ್ಟವರದು ನಟಭೈರವಿ. 3 ಗಂಟೆಯ ಸ್ಟುಡಿಯೊ 6 ಗಂಟೆಯಾಯಿತು. ವಾದಕರ ಸಂಭಾವನೆಯೂ ಸೇರಿ ಸುಮಾರು 20 ಸಾವಿರ ನನ್ನ ಜೇಬಿನಿಂದ ಹೋಯಿತು.

ಆಮೇಲೆ ಸಾಲಿನ ಒಳಗಿನ ಶಾರ್ಪ್‌ಗಳನ್ನೆಲ್ಲ ಕಿತ್ತು, ಬಿ, ಇ ಫ್ಲ್ಯಾಟ್ ಜೊತೆಗೆ ಸಿ, ಎಫ್ ಶಾರ್ಪ್ ಅನ್ನೂ ಸಾಲಿನ ತಲೆಯಲ್ಲೇ ಇಟ್ಟೆ. ಮೊದಲು ಆರೋಹಣದ ಕ್ರಮದಲ್ಲಿ ಇಟ್ಟದ್ದು ತಪ್ಪು. ವಾದಕರು ಚಿಹ್ನೆಗಳನ್ನು ಓದುವುದಿಲ್ಲ, ಎಣಿಸುತ್ತಾರೆ. ನಾಲ್ಕು ಚಿಹ್ನೆ ಕಂಡೊಡನೆ ಕೈ ನಾಲ್ಕೂ ಫ್ಲ್ಯಾಟ್ ಅಥವಾ ನಾಲ್ಕೂ ಶಾರ್ಪ್ ಇರುವ ಹಳೆಯ ದಾರಿ ಹಿಡಿಯುತ್ತದೆ. ಈಗ ಫ್ಲ್ಯಾಟ್‌ಗಳದೇ ಒಂದು ಗುಂಪು, ಶಾರ್ಪ್‌ಗಳದೇ ಒಂದು. ಯಾವುದು ಮುಂದೆ, ನಡುವೆ ಎಷ್ಟು ಜಾಗ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇದು ಶಾಸ್ತ್ರವಲ್ಲ ಎಂದ ಹಿರಿಯರೊಬ್ಬರಿಗೆ ಹಂಗೇರಿಯ ಸಂಯೋಜಕ ಬಾರ್ಟೋಕ್ 1908ರಲ್ಲಿ ಬರೆದ ಬ್ಯಾಗಟೆಲ್ ಎಂಬ ಪುಟ್ಟ ಕೃತಿ‌ಗಳಲ್ಲಿ ಮೊದಲನೆಯದನ್ನು ತೋರಿಸಿದೆ: ಪಿಯಾನೊದ ಮೇಲಿನ ಸಾಲಿಗೆ 4 ಶಾರ್ಪ್, ಕೆಳಗಿನದಕ್ಕೆ 4 ಫ್ಲ್ಯಾಟ್. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ನಿಜವಾದ ಕಾಟ ಕ್ಲ್ಯಾರಿನೆಟ್‌ನದು. ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ನುಡಿಯುವ ಬಿ ಫ್ಲ್ಯಾಟ್ ವಾದ್ಯವಾದ್ದರಿಂದ ಅದರ ವಾದಕನ ಹಾಳೆಯಲ್ಲಿ ಷಡ್ಜ ಎ ಆಗುತ್ತದೆ. ಸಾಫ್ಟ್‌ವೇರ್ ಸ್ವರಗಳನ್ನು ಸರಿಸಿತು, ನಾನು ಕಟ್ಟಿದ ಸಿಗ್ನೇಚರ್ ಅನ್ನು ಇದ್ದಲ್ಲೇ ಬಿಟ್ಟಿತು. ಕೈಯಿಂದ ತಿದ್ದಿದಾಗ ಫ್ಲ್ಯಾಟ್‌ಗಳೇ ಮಾಯವಾಗಿ ಡಿ, ಜಿ ಶಾರ್ಪ್ ಎರಡೇ ಉಳಿದವು. ಎರಡು ಶಾರ್ಪ್ ಎಂದರೆ ಡಿ ಮೇಜರ್ ಎಂದುಕೊಂಡು ಅವನು ಎಫ್ ಮತ್ತು ಸಿ ಏರಿಸಿ ನುಡಿಸಿದ. ತಾಲೀಮಿನ ಕೋಣೆಯಲ್ಲಿ ಅಪ್ಪಟ ಹರಿಕಾಂಭೋಜಿ! ಅಂದಿನಿಂದ ಅವನ ಸಿಗ್ನೇಚರ್‌ನಲ್ಲಿ ಎಫ್, ಸಿ ಮೇಲೆ ಏರಿಸಬೇಡ, ಇಳಿಸಬೇಡ ಎನ್ನುವ ನ್ಯಾಚುರಲ್ ಚಿಹ್ನೆಯನ್ನೂ ಬರೆಯುತ್ತೇನೆ. ಮತ್ತೆ ತಪ್ಪಿಲ್ಲ.

ಈ ನಡುವೆ ಕನಕಾಂಗಿ ರಾಗವನ್ನೂ ಬರೆದು ನೋಡಿದೆ. ಸಿ ಷಡ್ಜಕ್ಕೆ ಶುದ್ಧ ಗಾಂಧಾರವನ್ನು ಡಿ ಎಂದು ಬರೆದರೆ ರಿಷಭದ ಗೆರೆಯಲ್ಲೇ ಇಬ್ಬರು, ಇ ಗೆರೆ ಖಾಲಿ. ಏಳು ಸ್ವರಕ್ಕೆ ಏಳು ಜಾಗ ಇರಲೇಬೇಕು ಎಂಬುದು ನನ್ನ ಹಟ. ಇ, ಬಿ ಎರಡಕ್ಕೂ ಡಬಲ್ ಫ್ಲ್ಯಾಟ್ ಇಟ್ಟೆ. ನನ್ನ ಶಿಷ್ಯೆ ಮೊದಲ ದಿನ ಮುಖ ಸಿಂಡರಿಸಿದಳು, ಮೂರನೇ ದಿನಕ್ಕೆ ತಡೆಯಿಲ್ಲದೆ ನುಡಿಸಿದಳು.

ತೋಡಿ ರಾಗದಲ್ಲಿ ಮಾತ್ರ ಸೋತೆ. ಗಾಂಧಾರಕ್ಕೆ ತಿರುವುಮುರುವಾದ ಫ್ಲ್ಯಾಟ್, ಅಂದರೆ ಕಾಲು ಸ್ವರದ ಚಿಹ್ನೆ, ಇಟ್ಟು ನೋಡಿದೆ. ವಾದಕರು ಆ ಸ್ಥಾನವನ್ನು ಹುಡುಕಿ ಹಿಡಿದು ಅಲ್ಲೇ ನಿಂತರು, ಸ್ವರವನ್ನು ತೂಗುವ ಗಮಕವೆಲ್ಲ ಸತ್ತುಹೋಯಿತು. ಈಗ ಮಾಮೂಲಿ ಫ್ಲ್ಯಾಟ್ ಬರೆದು, ಮೇಲೊಂದು ಅಲೆಯ ಗೆರೆ ಎಳೆದು, ರೆಕಾರ್ಡಿಂಗ್‌ಗೆ ಮುಂಚೆ ಆ ಸಾಲಿನ ಸಂಗತಿಯನ್ನು ನಾನೇ ಹಾಡಿ ತೋರಿಸುತ್ತೇನೆ.