ಕೊಳೆತ ಟ್ಯಾಂಕಿನ ಮೀನು ತಂದರೆ ಒಮ್ಮೆಲೇ ಹೊಸ ನೀರಿಗೆ ಬಿಡಬೇಡ್ರಿ

ತಿಂಗಳುಗಟ್ಟಲೆ ನೀರು ಬದಲಿಸದ ಫಿಶ್ ಟ್ಯಾಂಕಿನ ನೀರು ಹುಳಿಯಾಗಿರುತ್ತೆ. ಆ ಹುಳಿಯಲ್ಲಿ, ಮೀನಿನ ಹೊಲಸಿನಿಂದ ಹುಟ್ಟೋ ಅಮೋನಿಯಾ ಅಷ್ಟು ವಿಷವಲ್ಲ. ರಾಯಚೂರು ಕಡೆ ಸಿಗೋ ಗಡಸು ಬೋರ್ ನೀರು ಒಮ್ಮೆಲೇ ಸುರಿದರೆ ಹುಳಿ ಇಳಿದು, ಅದೇ ಅಮೋನಿಯಾ ಕಿವಿರು ಸುಡುತ್ತೆ. ಪಾಪ, ಮೀನು ಮೇಲೆ ಬಂದು ಬಾಯಿ ಬಿಡ್ತಾ ಸಾಯುತ್ತೆ. ಹಳೇ ನೀರನ್ನೂ ಕ್ಯಾನಿನಲ್ಲಿ ತುಂಬಿಕೊಂಡು ಬರ್ರಿ. ದಿನಕ್ಕೆ ಹತ್ತರಲ್ಲಿ ಒಂದೇ ಪಾಲು ಬದಲಿಸ್ರಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು 24 ತಾಸು ತೆರೆದ ಬಕೆಟ್‌ನಲ್ಲಿ ಇಡ್ರಿ.

ಗೋಲ್ಡ್‌ಫಿಶ್ ರೆಕ್ಕೆಯ ಅಂಚು ಹರಿದಿದ್ದರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು, ಮಗ್ಗಿನಲ್ಲಿ ಕರಗಿಸಿಯೇ ಹಾಕ್ರಿ. ನೀರು ಆವಿಯಾಗಿ ಇಳಿದಾಗ ಮತ್ತೆ ಉಪ್ಪು ಬೇಡ, ಉಪ್ಪು ಅಲ್ಲೇ ಉಳಿದಿರುತ್ತೆ. ಮೊದಲ ದಿನ ಆಹಾರ ಹಾಕಬೇಡ್ರಿ. ಬಿಸಿಲಿಗೆ ಕಾದ ನೀರಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ರಾತ್ರಿಯೂ ಓಡಲಿ.