ಟ್ರಿನಿಡಾಡ್‌ನಲ್ಲಿ ಹೊರಗಿನ ಊಟ, ರಾತ್ರಿಯ ಓಡಾಟ: ಹೊಸದಾಗಿ ಬಂದ ಕನ್ನಡಿಗರಿಗೆ

ಆಸ್ಪತ್ರೆಯ ಕೆಲಸಕ್ಕೋ, ವಿಶ್ವವಿದ್ಯಾಲಯದ ಓದಿಗೋ, ತೈಲ ಮತ್ತು ಅನಿಲ ಕಂಪನಿಗಳ ನೌಕರಿಗೋ ಟ್ರಿನಿಡಾಡ್‌ಗೆ ಬಂದಿಳಿಯುವ ಕನ್ನಡಿಗರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆಯೊಂದಿದೆ: ಇಲ್ಲಿ ಒಳ್ಳೆಯ ಇಂಡಿಯನ್ ಹೋಟೆಲ್ ಎಲ್ಲಿದೆ? ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಾನ್, ಪನೀರ್ ಬಡಿಸುವ ರೆಸ್ಟೋರೆಂಟುಗಳು ಖಂಡಿತ ಇವೆ, ಆದರೆ ಹುಡುಕಾಟವನ್ನು ಅಲ್ಲಿಂದ ಆರಂಭಿಸಬೇಡಿ ಎಂಬುದು ಇಲ್ಲಿ ನೆಲೆಸಿರುವ ನಮ್ಮ ಸಲಹೆ. ಈ ದ್ವೀಪದ ಅಡುಗೆಯ ಹೆಚ್ಚುಗಾರಿಕೆ ಇರುವುದು ರಸ್ತೆಬದಿಯ ಗಾಡಿಗಳಲ್ಲಿ ಮತ್ತು ಸಣ್ಣ ರೋಟಿ ಅಂಗಡಿಗಳಲ್ಲಿ. ಕೈಗೆ ನಿಲುಕುವ ಬೆಲೆಯೂ ಅಲ್ಲಿಯೇ.

1845ರ ಮೇ 30ರಂದು ಫತೆಲ್ ರಝಾಕ್ ಎಂಬ ಹಡಗು ಕಬ್ಬಿನ ತೋಟಗಳ ಕರಾರು ಕೂಲಿಗಳನ್ನು ಹೊತ್ತು ಮೊದಲ ಬಾರಿಗೆ ಇಲ್ಲಿಗೆ ಬಂತು. 1917ರಲ್ಲಿ ಆ ಪದ್ಧತಿ ನಿಲ್ಲುವ ಹೊತ್ತಿಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಅವರಲ್ಲಿ ಬಹುಪಾಲು ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರದ ಕಡೆಯವರು, ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಹೀಗಾಗಿ ಬೀದಿಯಲ್ಲಿ ರೋಟಿ, ದಾಲ್, ಆಲೂ ಎಂಬ ಹೆಸರುಗಳು ಕಿವಿಗೆ ಬಿದ್ದರೂ ತಟ್ಟೆಗೆ ಬರುವುದು ನಮಗೆ ಗೊತ್ತಿರುವ ಉತ್ತರ ಭಾರತದ ಅಡುಗೆಯಲ್ಲ; ಆಫ್ರಿಕನ್, ಚೀನೀ, ಫ್ರೆಂಚ್ ಕೈಗುಣಗಳನ್ನು ಸೇರಿಸಿಕೊಂಡು ಐದಾರು ತಲೆಮಾರುಗಳಿಂದ ಇಲ್ಲಿಯೇ ಬೆಳೆದ ಬೇರೆಯದೇ ಅಡುಗೆ. ‘ನಮ್ಮಲ್ಲಿ ಇದನ್ನು ಹೀಗೆ ಮಾಡುವುದಿಲ್ಲ’ ಎಂದು ಅಂಗಡಿಯವರಿಗೆ ಪಾಠ ಹೇಳುವುದಾಗಲಿ, ಅವರ ಹೆಸರು ಕೇಳಿದೊಡನೆ ಹಿಂದಿಯಲ್ಲಿ ಮಾತು ತೆಗೆಯುವುದಾಗಲಿ ಸಭ್ಯತೆಯಲ್ಲ. ಅವರು ಟ್ರಿನಿಡಾಡಿನವರು, ಮನೆಯಲ್ಲಿ ಆಡುವುದು ಇಲ್ಲಿನ ಇಂಗ್ಲಿಷ್.

ಮೊದಲು ಕಲಿಯಬೇಕಾದದ್ದು ಡಬಲ್ಸ್ ಎಂಬ ಬೀದಿತಿಂಡಿಯನ್ನು ತಿನ್ನುವ ಕ್ರಮ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್‌ನ ದೀನ್ ಕುಟುಂಬದವರು ಈ ತಿಂಡಿಯನ್ನು ಶುರುಮಾಡಿದರೆಂದು ಇಲ್ಲಿಯವರು ಹೇಳುತ್ತಾರೆ. ಅರಿಶಿನ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ತೆಳುವಾಗಿ ತಟ್ಟಿ ಎಣ್ಣೆಯಲ್ಲಿ ಕರಿದದ್ದು ಬಾರಾ. ಮೇಣದ ಕಾಗದದ ಮೇಲೆ ಎರಡು ಬಾರಾಗಳನ್ನು ಹಾಸಿ, ಮೆತ್ತಗೆ ಬೆಂದ ಕಡಲೆಯ ಪಲ್ಯವನ್ನು ಸುರಿದು, ಮೇಲೆ ಸೌತೆಕಾಯಿಯ ತುರಿ, ಹುಣಸೆಯ ಚಟ್ನಿ, ಶ್ಯಾಡೋ ಬೆನಿ ಎಂಬ ಕೊತ್ತಂಬರಿ ವಾಸನೆಯ ಉದ್ದೆಲೆಯ ಚಟ್ನಿ, ಕಡೆಗೆ ಮೆಣಸಿನ ಸಾಸ್ ಹಾಕಿ, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಕಾಗದವನ್ನು ತಿರುಚಿ ಕೈಗೆ ಕೊಡುತ್ತಾರೆ. ಸರದಿ ಬಂದಾಗ ಎಷ್ಟು ಬೇಕು, ಖಾರ ಎಷ್ಟಿರಬೇಕು ಎಂಬ ಎರಡೇ ಮಾತು ಸಾಕು. ‘ಸ್ಲೈಟ್’ ಎಂದರೆ ಒಂದು ಸವರು, ‘ಮೀಡಿಯಂ’ ಎಂದರೆ ಧಾರಾಳ. ಬ್ಯಾಡಗಿಯ ಬಣ್ಣವನ್ನೂ ಗುಂಟೂರಿನ ಖಾರವನ್ನೂ ಅರಗಿಸಿಕೊಂಡವರು ನಾವೆಂಬ ಧೈರ್ಯದಲ್ಲಿ ಮೊದಲ ದಿನವೇ ಮೀಡಿಯಂ ಕೇಳಬೇಡಿ. ಇಲ್ಲಿನ ಸ್ಕಾಚ್ ಬಾನೆಟ್ ಜಾತಿಯ ಮೆಣಸಿನ ಖಾರ ಬೇರೆ ತೆರನಾದದ್ದು, ನಾಲಿಗೆಯನ್ನು ದಾಟಿ ಕಿವಿಯವರೆಗೂ ಹೋಗುತ್ತದೆ. ಗಾಡಿಯ ಪಕ್ಕದಲ್ಲೇ ನಿಂತು, ಕಾಗದವನ್ನು ಅಂಗೈಯಲ್ಲಿ ತೆರೆದಿಟ್ಟುಕೊಂಡು, ಮೇಲಿನ ಬಾರಾದಿಂದ ಕಡಲೆಯನ್ನು ಬಾಚಿ ತಿನ್ನಬೇಕು. ಹಣವನ್ನು ಸಾಮಾನ್ಯವಾಗಿ ತಿಂದು ಮುಗಿಸಿದ ಮೇಲೆ, ಎಷ್ಟು ತಿಂದಿರೆಂದು ನೀವೇ ಹೇಳಿ ಕೊಡುವುದು ರೂಢಿ; ಈ ನಂಬಿಕೆಯ ಲೆಕ್ಕವನ್ನು ಕೆಡಿಸಬೇಡಿ. ಚಿಲ್ಲರೆ ನೋಟುಗಳು ಜೇಬಿನಲ್ಲಿರಲಿ. ಇದು ಮೂಲತಃ ಬೆಳಗಿನ ತಿಂಡಿ, ಆದರೆ ಕುರೆಪ್ ಜಂಕ್ಷನ್ನಿನಲ್ಲೂ ಸೇಂಟ್ ಜೇಮ್ಸ್‌ನಲ್ಲೂ ರಾತ್ರಿ ಬಹಳ ಹೊತ್ತಿನವರೆಗೆ ಸಿಗುತ್ತದೆ. ಮೊಟ್ಟೆಯಿಲ್ಲ, ಹಾಲಿಲ್ಲ, ಮಾಂಸವಿಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೂ ಅಡ್ಡಿಯಿಲ್ಲ.

ದಕ್ಷಿಣಕ್ಕೆ, ಸ್ಯಾನ್ ಫರ್ನಾಂಡೋ ಕಡೆಗೆ ಹೋದಾಗ ಡೆಬೆ ಎಂಬ ಊರಿನ ರಸ್ತೆಬದಿಯ ಸಾಲು ಅಂಗಡಿಗಳ ಬಳಿ ಗಾಡಿ ನಿಲ್ಲಿಸಲೇಬೇಕು. ಬೇಳೆಹಿಟ್ಟಿನ ಸಣ್ಣ ಬೋಂಡಾದಂಥ ಫುಲೋರಿ, ಬದನೆಕಾಯಿಯ ಬೈಗನಿ, ಆಲೂ ಪೈ, ಕಚೋರಿಗಳ ನಡುವೆ ಸಹೀನಾ ಎಂಬುದೊಂದಿರುತ್ತದೆ: ಕೆಸುವಿನ ಎಲೆಗೆ ಬೇಳೆಹಿಟ್ಟು ಸವರಿ, ಸುತ್ತಿ, ಕತ್ತರಿಸಿ ಕರಿದದ್ದು. ಕರಾವಳಿಯವರೂ ಮಲೆನಾಡಿನವರೂ ಒಂದು ತುತ್ತಿಗೇ ಪತ್ರೊಡೆಯ ನೆಂಟನನ್ನು ಗುರುತು ಹಿಡಿಯುತ್ತಾರೆ.

ರೋಟಿ ಅಂಗಡಿಯಲ್ಲಿ ಮೊದಲು ರೋಟಿಯನ್ನು, ಆಮೇಲೆ ಒಳಗೆ ಹಾಕುವ ಪಲ್ಯಗಳನ್ನು ಆರಿಸಿಕೊಳ್ಳಬೇಕು. ಧಾಲ್‌ಪುರಿಯ ಪದರದೊಳಗೆ ಜೀರಿಗೆ ಬೆರೆಸಿದ ಬೇಳೆಪುಡಿ ಇರುತ್ತದೆ, ಅದರಲ್ಲೇ ಪಲ್ಯವನ್ನು ಸುತ್ತಿಕೊಡುತ್ತಾರೆ. ಬಸ್-ಅಪ್-ಶಟ್ ಎನ್ನುವುದು ಕಾವಲಿಯ ಮೇಲೆ ಬಡಿದು ಚಿಂದಿ ಮಾಡಿದ ಪರಾಟ, ಪಲ್ಯವನ್ನು ಪಕ್ಕಕ್ಕಿಟ್ಟುಕೊಂಡು ತಿನ್ನುವಂಥದ್ದು. ಸಾದಾ ರೋಟಿ ಹೆಚ್ಚಾಗಿ ಬೆಳಗಿನ ಹೊತ್ತಿಗೆ. ಸಸ್ಯಾಹಾರಿಗಳು ಕುಂಬಳಕಾಯಿ, ಬೋಡಿ ಎಂಬ ಉದ್ದನೆಯ ಅಲಸಂದೆಕಾಯಿ, ಭಾಜಿ ಸೊಪ್ಪು, ಆಲೂ, ಕಡಲೆ ಇವುಗಳಲ್ಲಿ ಬೇಕಾದ್ದನ್ನು ಕೂಡಿಸಿ ಕೇಳಬಹುದು. ಚಟಾಯ್ನ್ ಇದ್ದ ದಿನ ಬಿಡಬೇಡಿ. ಅದು ನಮ್ಮ ಜೀಗುಜ್ಜೆಯ ಹತ್ತಿರದ ಬಳಗದ ಕಾಯಿ, ಬೀಜದ ಸಮೇತ ಬೇಯಿಸುತ್ತಾರೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಫುಲೋರಿಯ ಹಾಗೆಯೇ ಕಾಣುವ ಅಕ್ರಾದಲ್ಲಿ ಉಪ್ಪುಮೀನು ಇರುತ್ತದೆ. ಕೆಸುವಿನ ಸೊಪ್ಪಿನ ಕಲ್ಲಲೂ ನೋಡಲು ಹಸಿರು ಹುಳಿಯಂತಿದ್ದರೂ ಏಡಿಯನ್ನೋ ಉಪ್ಪು ಹಾಕಿದ ಹಂದಿಬಾಲವನ್ನೋ ಅದರಲ್ಲಿ ಬೇಯಿಸುವ ವಾಡಿಕೆಯಿದೆ. ರಾತ್ರಿ ಮಾರುವ ಜೋಳದ ಸೂಪಿಗೂ ಇದೇ ಮಾತು ಅನ್ವಯಿಸುತ್ತದೆ. ಮ್ಯಾಕರೋನಿ ಪೈಗೆ ಮೊಟ್ಟೆ ಬೀಳುತ್ತದೆ. ಬ್ಲ್ಯಾಕ್ ಪುಡ್ಡಿಂಗ್ ಸಿಹಿತಿಂಡಿಯಲ್ಲ, ರಕ್ತ ತುಂಬಿದ ಸಾಸೇಜ್. ‘ನಾನು ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಕೆಲವು ಕಡೆ ಮೀನನ್ನು ಮಾಂಸವೆಂದು ಎಣಿಸುವುದಿಲ್ಲವಾದ್ದರಿಂದ ಮಾಂಸ, ಮೀನು, ಮೊಟ್ಟೆ, ಹಂದಿಬಾಲ ಯಾವುದೂ ಬೇಡವೆಂದು ಒಂದೊಂದಾಗಿ ಹೆಸರಿಟ್ಟು ಹೇಳಿ; ಯಾರೂ ಬೇಸರಿಸುವುದಿಲ್ಲ, ಏಕೆಂದರೆ ವ್ರತದ ದಿನಗಳಲ್ಲಿ ಇಲ್ಲಿನ ಹಿಂದೂಗಳೂ ಹೀಗೆಯೇ ವಿಚಾರಿಸುತ್ತಾರೆ. ದೀಪಾವಳಿಗೆ ಮುಂಚೆ ಚಗ್ವಾನಾಸ್‌ನ ದಿವಾಲಿ ನಗರದಲ್ಲಿ ನಡೆಯುವ ಉತ್ಸವದಲ್ಲಂತೂ ಊಟವೆಲ್ಲ ಸಸ್ಯಾಹಾರವೇ, ಯಾವ ಗಾಡಿಯ ಮುಂದೂ ಪ್ರಶ್ನೆ ಕೇಳುವ ಅಗತ್ಯವಿಲ್ಲ.

ಮೀನು ತಿನ್ನುವವರಿಗೆ ಮರಾಕಸ್ ಕಡಲತೀರದ ಬೇಕ್ ಆ್ಯಂಡ್ ಶಾರ್ಕ್ ಇದೆ. ಕರಿದ ಬನ್ನಿನ ನಡುವೆ ಕರಿದ ಮೀನನ್ನು ಇಟ್ಟು ಕೊಟ್ಟು ಬಿಡುತ್ತಾರೆ. ಬೆಳ್ಳುಳ್ಳಿ, ಹುಣಸೆ, ಶ್ಯಾಡೋ ಬೆನಿ ಸಾಸುಗಳನ್ನೂ ಅನಾನಸ್, ಎಲೆಕೋಸಿನ ತುಂಡುಗಳನ್ನೂ ನಾವೇ ಬಡಿಸಿಕೊಳ್ಳಬೇಕು. ಶಾರ್ಕ್ ಬೇಡವೆನಿಸಿದರೆ ಅಂಜಲ್ ಕುಲದ್ದೇ ಆದ ಕಿಂಗ್‌ಫಿಶ್ ಹಾಕಿಸಿಕೊಳ್ಳಬಹುದು. ಗುಡ್ಡದ ಅಂಕುಡೊಂಕಿನ ರಸ್ತೆಯಾದ್ದರಿಂದ ಕತ್ತಲಾಗುವ ಮೊದಲೇ ಹೊರಡುವುದು ಒಳಿತು.

ರಾತ್ರಿಯ ವಿಚಾರಕ್ಕೆ ಬಂದರೆ, ಇಲ್ಲಿ ಸ್ನೇಹಿತರು ಕೂಡಿ ಹೊತ್ತು ಕಳೆಯುವುದಕ್ಕೆ ಲೈಮ್ ಎನ್ನುತ್ತಾರೆ, ಅದಕ್ಕೆ ಕಾರ್ಯಕ್ರಮದ ಪಟ್ಟಿಯಿರುವುದಿಲ್ಲ. ಎಂಟು ಗಂಟೆಗೆ ಬನ್ನಿ ಎಂದವರು ಒಂಬತ್ತೂವರೆಗೆ ಬಂದರೂ ಯಾರಿಗೂ ಅದು ತಡವೆನಿಸುವುದಿಲ್ಲ. ಸಂಜೆಯ ಮೇಲೆ ಎಲ್ಲಿಗೇ ಕಾಲಿಟ್ಟರೂ ‘ಗುಡ್ ನೈಟ್’ ಎಂದು ಹೇಳಿ ಒಳಗೆ ಹೋಗಬೇಕು. ಇಲ್ಲಿ ಅದು ಬಂದವರ ನಮಸ್ಕಾರ. ಹೇಳದೆ ನೇರವಾಗಿ ಬೇಕಾದ್ದನ್ನು ಕೇಳುವವರನ್ನು ಒರಟರೆಂದು ಎಣಿಸುತ್ತಾರೆ. ಒಬ್ಬರಾದ ಮೇಲೊಬ್ಬರು ಎಲ್ಲರಿಗೂ ಸೇರಿ ಒಂದು ಸುತ್ತಿನ ಪಾನೀಯ ಕೊಡಿಸುವುದು ಪದ್ಧತಿ. ನೀವು ಮದ್ಯ ಮುಟ್ಟದಿದ್ದರೂ ನಿಮ್ಮ ಸುತ್ತು ತಪ್ಪಿಸಬೇಡಿ. ನಿಮಗಾಗಿ ಎಲ್‌ಎಲ್‌ಬಿ (ಲೆಮನ್, ಲೈಮ್, ಬಿಟರ್ಸ್) ಕೇಳಿ, ನಿಂಬೆಯ ಸೋಡಾಕ್ಕೆ ಅಂಗೊಸ್ಟುರಾ ಬಿಟರ್ಸ್ ಎಂಬ ಕಹಿ ದ್ರಾವಣ ಹನಿಸಿದ ಈ ಪೇಯ ಎಲ್ಲ ಬಾರುಗಳಲ್ಲೂ ಸಿಗುತ್ತದೆ. ಬಿಟರ್ಸ್‌ನಲ್ಲಿ ಮದ್ಯಸಾರವಿದೆ, ಹನಿಯಷ್ಟೂ ಬೇಡವೆನ್ನುವವರಿಗೆ ಮರದ ತೊಗಟೆಯ ಪೇಯವಾದ ಮಾಬಿಯೋ ಎಳನೀರೋ ಇದ್ದೇ ಇದೆ. ಕುಡಿಯುವವರು ಕ್ಯಾರಿಬ್, ಸ್ಟ್ಯಾಗ್ ಬಿಯರುಗಳಿಂದ ಆರಂಭಿಸುತ್ತಾರೆ. ಪಂಚನ್ ಎಂಬ ರಮ್ಮಿನಲ್ಲಿ ಮದ್ಯಸಾರ ಶೇಕಡಾ 75ರಷ್ಟಿರುವುದರಿಂದ ಪಂಥಕ್ಕಾಗಿ ಯಾರಾದರೂ ಮುಂದಿಟ್ಟರೆ ನಕ್ಕು ಹಿಂದೆ ಸರಿಸಿ.

ರಾಜಧಾನಿಯ ವುಡ್‌ಬ್ರೂಕ್ ಬಡಾವಣೆಯ ಅರಿಯಾಪಿಟಾ ಅವೆನ್ಯೂ, ಎಲ್ಲರ ಬಾಯಲ್ಲಿ ಬರೀ ‘ಅವೆನ್ಯೂ’, ಬಾರು ಮತ್ತು ರೆಸ್ಟೋರೆಂಟುಗಳ ಉದ್ದನೆಯ ಸಾಲು. ಶುಕ್ರವಾರ ಹತ್ತು ಗಂಟೆಯ ಮೇಲೆ ಜನ ಪಾದಚಾರಿ ದಾರಿಯನ್ನೇ ಆಕ್ರಮಿಸಿಕೊಳ್ಳುತ್ತಾರೆ. ಕೂತು ಉಣ್ಣುವ ಕಡೆಗಳಲ್ಲಿ ಮೆನುವಿನ ಬೆಲೆಯ ಮೇಲೆ ಶೇಕಡಾ 12.5ರ ವ್ಯಾಟ್ ಮತ್ತು ಹೆಚ್ಚಾಗಿ ಶೇಕಡಾ 10ರ ಸರ್ವಿಸ್ ಚಾರ್ಜ್ ಸೇರುತ್ತದೆ. ಅದು ಬಿಲ್ಲಿನಲ್ಲಿ ಇದ್ದರೆ ಬೇರೆ ಟಿಪ್ಸ್ ಕೊಡಬೇಕೆಂಬ ಕಡ್ಡಾಯವಿಲ್ಲ. ಇನ್ನಷ್ಟು ಪಶ್ಚಿಮಕ್ಕೆ ಸೇಂಟ್ ಜೇಮ್ಸ್ ಇದೆ, ಡೆಲ್ಲಿ, ಲಖ್ನೋ, ಪಾಟ್ನಾ, ಬೆಂಗಾಲ್ ಎಂಬ ಹೆಸರಿನ ಬೀದಿಗಳು ಇರುವುದು ಅಲ್ಲಿಯೇ. ಅವೆನ್ಯೂವಿನ ಥಳುಕು ಅಲ್ಲಿಲ್ಲ, ಆದರೆ ನನ್ನ ಮಟ್ಟಿಗೆ ಹೊಟ್ಟೆಗೂ ಜೇಬಿಗೂ ಸೇಂಟ್ ಜೇಮ್ಸ್ ವಾಸಿ.

ಉಡುಪಿನ ಬಗ್ಗೆ ಒಂದೇ ಕಟ್ಟಾಜ್ಞೆ: ಸೇನೆಯ ಮಚ್ಚೆ ಮಾದರಿಯ ಬಟ್ಟೆ, ಅದು ಮಗುವಿನ ಟೋಪಿಯೇ ಆಗಿರಲಿ, ಸಾಮಾನ್ಯರು ತೊಡುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ. ಕ್ಲಬ್ಬುಗಳಲ್ಲಿ ಚಪ್ಪಲಿ, ಬನಿಯನ್ ನಡೆಯುವುದಿಲ್ಲ. ಸೊಂಟ ಕುಣಿಸಿ ಒಬ್ಬರಿಗೊಬ್ಬರು ತೀರ ಹತ್ತಿರವಾಗಿ ಆಡುವ ವೈನಿಂಗ್ ನೃತ್ಯವನ್ನು ಕಂಡು ಹೊಸಬರು ತಪ್ಪರ್ಥ ಮಾಡಿಕೊಳ್ಳುವುದುಂಟು. ಅದು ಹಾಡಿನ ಜೊತೆಗೆ ಮುಗಿಯುವ ಕುಣಿತ, ಬೇರಾವುದಕ್ಕೂ ಆಹ್ವಾನವಲ್ಲ. ಬೇಡವಾದರೆ ನಗುತ್ತಲೇ ಪಕ್ಕಕ್ಕೆ ಸರಿಯಬಹುದು, ಎದುರಿನವರು ಸರಿದರೆ ನೀವೂ ಅಲ್ಲಿಗೇ ನಿಲ್ಲಿಸಬೇಕು. ಅಪರಿಚಿತರ ಕುಣಿತವನ್ನು ಫೋನಿನಲ್ಲಿ ಹಿಡಿದು ಊರಿನ ಗುಂಪುಗಳಿಗೆ ಕಳುಹಿಸುವುದು ಕೀಳು ಅಭ್ಯಾಸ.

ಕ್ರಿಸ್‌ಮಸ್ ಕಳೆದು ಫೆಬ್ರವರಿ-ಮಾರ್ಚ್ ಸುಮಾರಿಗೆ ಬರುವ ಕಾರ್ನಿವಲ್ ಹಬ್ಬದ ಸೋಮವಾರ, ಮಂಗಳವಾರಗಳವರೆಗೆ ವಾರವಿಡೀ ಫೆಟ್‌ಗಳು, ಅಂದರೆ ಟಿಕೆಟ್ಟಿನ ಸಂಗೀತಕೂಟಗಳು, ನಡೆಯುತ್ತವೆ. ಆಲ್ ಇನ್‌ಕ್ಲೂಸಿವ್ ಟಿಕೆಟ್ಟಿನಲ್ಲಿ ಊಟ, ಮದ್ಯ ಎಲ್ಲವೂ ಸೇರಿರುತ್ತದೆ, ಬೆಲೆಯೂ ಹಾಗೆಯೇ; ಕೂಲರ್ ಫೆಟ್‌ಗೆ ನಿಮ್ಮ ಪಾನೀಯವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನೀವೇ ಒಯ್ಯಬಹುದು. ಮದ್ಯ ಕುಡಿಯದವರು ಮೊದಲನೆಯದಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಮಕ್ಕಳು, ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಆ ದಿನಗಳಲ್ಲಿ ಹೋಗಬೇಕಾದದ್ದು ಪ್ಯಾನ್‌ಯಾರ್ಡುಗಳಿಗೆ. ಡ್ಯೂಕ್ ಬೀದಿಯ ಆಲ್ ಸ್ಟಾರ್ಸ್, ಷಾರ್ಲೆಟ್ ಬೀದಿಯ ರೆನೆಗೇಡ್ಸ್ ಮೊದಲಾದ ಸ್ಟೀಲ್‌ಪ್ಯಾನ್ (ಉಕ್ಕಿನ ಡ್ರಮ್ಮಿನ ವಾದ್ಯ) ತಂಡಗಳು ಪನೋರಮಾ ಸ್ಪರ್ಧೆಗಾಗಿ ರಾತ್ರಿಗಟ್ಟಲೆ ಅಭ್ಯಾಸ ಮಾಡುವ ಬಯಲುಗಳಿವು. ನೂರರ ಆಸುಪಾಸಿನ ವಾದಕರು ಒಂದೇ ಸಾಲನ್ನು ಮತ್ತೆ ಮತ್ತೆ ತಿದ್ದಿ ನುಡಿಸುವುದನ್ನು ಹತ್ತು ಅಡಿ ದೂರದಲ್ಲಿ ನಿಂತು ಕೇಳಬಹುದು, ಟಿಕೆಟ್ಟಿಲ್ಲ. ಸ್ಪರ್ಧೆಯ ದಿನದ ಗ್ರ್ಯಾಂಡ್ ಸ್ಟ್ಯಾಂಡಿಗಿಂತ ನನಗೆ ಇದೇ ಮೇಲು.

ಕೊನೆಯದಾಗಿ ಮನೆಗೆ ಮರಳುವ ಏರ್ಪಾಡು. ಇದನ್ನು ಹೊರಡುವ ಮೊದಲೇ ಮಾಡಿಕೊಂಡಿರಬೇಕು. ಅಪರಾಧದ ಕಾರಣಕ್ಕೆ 2024ರ ಡಿಸೆಂಬರ್ 30ರಂದು, ಮತ್ತೆ 2025ರ ಜುಲೈಯಲ್ಲಿ ಇಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ್ದರೆಂಬುದನ್ನು ಮರೆಯುವಂತಿಲ್ಲ. ಅವೆನ್ಯೂವಿನಿಂದ ಸೇಂಟ್ ಜೇಮ್ಸ್ ಹತ್ತಿರವೆಂದು ತಡರಾತ್ರಿ ನಡೆದು ಹೋಗಬೇಡಿ, ಪೋರ್ಟ್ ಆಫ್ ಸ್ಪೇನ್‌ನ ಪೂರ್ವ ಭಾಗದ ಬೀದಿಗಳಿಗೆ ಸ್ಥಳೀಯ ಗೆಳೆಯರಿಲ್ಲದೆ ಇಳಿಯಬೇಡಿ. ಮೇಲೆ ಹೇಳಿದ ಪ್ಯಾನ್‌ಯಾರ್ಡುಗಳಿಗೂ ಗುಂಪಾಗಿಯೇ ಹೋಗಿ. ಪರವಾನಗಿ ಇರುವ ಟ್ಯಾಕ್ಸಿಯ ನಂಬರ್ ಪ್ಲೇಟು ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ‘ಪಿ’ ಪ್ಲೇಟಿನ ಖಾಸಗಿ ಕಾರುಗಳೂ ಬಾಡಿಗೆಗೆ ಓಡುತ್ತವೆ, ಅವುಗಳನ್ನು ರಾತ್ರಿ ಹತ್ತಬಾರದು. ಪಟ್ಟಿಯ ಬಣ್ಣದಿಂದ ಮಾರ್ಗ ತಿಳಿಯುವ ಮ್ಯಾಕ್ಸಿ ಟ್ಯಾಕ್ಸಿಗಳು, ಅಂದರೆ ಸಣ್ಣ ಬಸ್ಸುಗಳು, ಹಗಲಿಗೆ ಅನುಕೂಲ: ರಾಜಧಾನಿಯ ಆಸುಪಾಸಿಗೆ ಹಳದಿ, ಪೂರ್ವದ ಸೇಂಟ್ ಅಗಸ್ಟಿನ್ ದಾರಿಗೆ ಕೆಂಪು, ದಕ್ಷಿಣಕ್ಕೆ ಹಸಿರು. ತಡರಾತ್ರಿಗೆ ಪರಿಚಯದ ಚಾಲಕರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ಹೋಗಿಬರುವ ಬಾಡಿಗೆಯನ್ನು ಮಾತಾಡಿ ಮುಗಿಸಿ. ಸ್ವಂತ ಕಾರಿನಲ್ಲಿ ಹೋಗುವುದಾದರೆ ಗುಂಪಿನಲ್ಲಿ ಒಬ್ಬರು ಎಲ್‌ಎಲ್‌ಬಿಯನ್ನೂ ಬಿಟ್ಟು ಎಳನೀರಿಗೇ ನಿಲ್ಲಬೇಕು; ಉಸಿರಿನ 100 ಮಿಲಿಲೀಟರಿಗೆ 35 ಮೈಕ್ರೋಗ್ರಾಂ ಮದ್ಯಸಾರ ದಾಟಿದರೆ ಪೊಲೀಸರು ಹಿಡಿಯುತ್ತಾರೆ. ಪೊಲೀಸರಿಗೆ 999, ಆಂಬ್ಯುಲೆನ್ಸ್‌ಗೆ 811. ಎರಡನ್ನೂ ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ.